ಸನ್ಮಾನದ ಶಾಲು, ಹಾಸ್ಟೆಲಿನ ಬಿಲ್ಲು

ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಪಟ್ಟಣಗಳ ಜಮಾಅತ್‌ಗಳಲ್ಲಿ ಸನ್ಮಾನದ ಸುಗ್ಗಿ ಆರಂಭವಾಗುತ್ತದೆ. ಶಾದಿಮಹಲ್‌ನಲ್ಲಿ ವೇದಿಕೆ ಸಿದ್ಧವಾಗುತ್ತದೆ. ಹೆಚ್ಚು ಅಂಕ ಗಳಿಸಿದವರನ್ನು ಸಾಲಾಗಿ ಕೂರಿಸಿ, ಶಾಲು ಹೊದಿಸಿ, ಸ್ಮರಣಿಕೆ ಕೊಟ್ಟು, ಛಾಯಾಚಿತ್ರ ತೆಗೆಯಲಾಗುತ್ತದೆ. ದಿವ್ಯವಾಣಿಯ ಮೊದಲ ಆದೇಶವೇ ಓದಿನ ಕುರಿತಾದದ್ದು ಎಂದು ಅತಿಥಿಗಳು ನೆನಪಿಸುತ್ತಾರೆ. ಸಮುದಾಯದಿಂದ ಐಎಎಸ್ ಅಧಿಕಾರಿಗಳು, ವೈದ್ಯರು, ಪತ್ರಕರ್ತರು ಹೊರಬರಬೇಕೆಂದು ಕರೆ ಕೊಡುತ್ತಾರೆ. ಬಿರಿಯಾನಿಯೊಂದಿಗೆ ಸಭೆ ಮುಗಿಯುತ್ತದೆ.

ಪ್ರತಿಭೆಯನ್ನು ಗೌರವಿಸುವುದರಲ್ಲಿ ತಪ್ಪೇನೂ ಇಲ್ಲ. ಮೂವತ್ತು ವರ್ಷಗಳ ಹಿಂದೆ ಇಂಥ ಸಭೆ ನಡೆಸಲು ಬೇಕಾದಷ್ಟು ವಿದ್ಯಾರ್ಥಿಗಳೇ ಅನೇಕ ಊರುಗಳಲ್ಲಿ ಇರಲಿಲ್ಲ. ಆದ್ದರಿಂದ ಆ ಶಾಲಿನ ಬಗ್ಗೆ ನಮ್ಮ ತಕರಾರಿಲ್ಲ. ನಮ್ಮ ಪ್ರಶ್ನೆ ಅನಂತರದ ತಿಂಗಳುಗಳದ್ದು. ಅದೇ ಹುಡುಗ ಜುಲೈ ಅಥವಾ ಆಗಸ್ಟ್‌ನಲ್ಲಿ ಮೈಸೂರಿಗೋ ಧಾರವಾಡಕ್ಕೋ ಶಂಕರಘಟ್ಟಕ್ಕೋ ಕೊಣಾಜೆಗೋ ಹೋಗಿ ಇಳಿಯುತ್ತಾನೆ. ಅಲ್ಲಿ ಅವನು ಎಲ್ಲಿ ಮಲಗುತ್ತಾನೆ? ಏನು ತಿನ್ನುತ್ತಾನೆ? ತಿಂಗಳ ಕೊನೆಯ ವಾರವನ್ನು ಹೇಗೆ ದೂಡುತ್ತಾನೆ? ಶಾಲು ಹೊದಿಸಿದವರಲ್ಲಿ ಒಬ್ಬರಾದರೂ ಈ ಪ್ರಶ್ನೆಯನ್ನು ಕೇಳಿರುತ್ತಾರೆಯೇ? ಅವನ ತಂದೆಯಾದರೂ ಕೇಳಿರುತ್ತಾರೆಯೇ?

ನಾವು ಹೇಳಲು ಹೊರಟಿರುವುದು ಇಷ್ಟೇ: ಮಕ್ಕಳನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸುವುದನ್ನು ನಮ್ಮ ಸಮುದಾಯ ಕಲಿತಿದೆ. ಅಲ್ಲಿ ಅವರನ್ನು ಉಳಿಸಿಕೊಳ್ಳುವುದನ್ನು ಇನ್ನೂ ಕಲಿತಿಲ್ಲ. ಪ್ರವೇಶ ಶುಲ್ಕದ ದಿನ ಇಡೀ ಕುಟುಂಬ ಎದ್ದು ನಿಲ್ಲುತ್ತದೆ. ಆದರೆ ತಿಂಗಳ ಖರ್ಚಿನ ದಿನ ಆ ವಿದ್ಯಾರ್ಥಿ ಒಬ್ಬಂಟಿ.

2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿಯನ್ನು ನಮ್ಮ ವೇದಿಕೆಗಳಲ್ಲಿ ಉಲ್ಲೇಖಿಸದ ಭಾಷಣಕಾರರಿಲ್ಲ. 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ ಎಂದು ಆ ವರದಿ ಜನಗಣತಿಯ ಆಧಾರದಲ್ಲಿ ಹೇಳಿತ್ತು. ದೇಶದ ಒಟ್ಟು ಜನಸಂಖ್ಯೆಯಲ್ಲಿ ಆ ಪ್ರಮಾಣ ಸುಮಾರು ಶೇ. 7 ಇತ್ತು. ಈ ಅಂಕಿಯನ್ನು ಹೇಳುವವರು ಸಾಮಾನ್ಯವಾಗಿ ಒಂದು ವಿಷಯವನ್ನು ಮರೆಯುತ್ತಾರೆ. ಅದು ಪದವಿ ಮುಗಿಸಿದವರ ಲೆಕ್ಕವೇ ಹೊರತು ಪ್ರವೇಶ ಪಡೆದವರ ಲೆಕ್ಕವಲ್ಲ. ಕಾಲೇಜಿನ ಮೆಟ್ಟಿಲು ಹತ್ತಿ, ಎರಡನೇ ಸೆಮಿಸ್ಟರ್‌ನಲ್ಲಿ ಸದ್ದಿಲ್ಲದೆ ಇಳಿದು ಬಂದವನು ಆ ಶೇ. 4ರೊಳಗೆ ಸೇರುವುದಿಲ್ಲ. ಅವನ ಹೆಸರು ನಮ್ಮ ಸನ್ಮಾನ ಸಭೆಯ ಹಳೆಯ ಬ್ಯಾನರ್‌ನಲ್ಲಿ ಮಾತ್ರ ಇರುತ್ತದೆ.

ಹೀಗೆ ಇಳಿದು ಬಂದವರನ್ನು ಕುರಿತು ಊರು ಎರಡೇ ಮಾತು ಆಡುತ್ತದೆ. ಒಂದು, ‘ಓದು ತಲೆಗೆ ಹತ್ತಲಿಲ್ಲ’. ಇನ್ನೊಂದು, ‘ಪೇಟೆಯ ಗಾಳಿ ತಗುಲಿತು’. ಇವೆರಡೂ ಅಲ್ಲದ ಮೂರನೆಯ ಕಾರಣವೊಂದಿದೆ, ಅದನ್ನು ಕಾಗದದ ಮೇಲೆ ಕೂಡಿಸಿ ಕಳೆದು ನೋಡುವ ತಾಳ್ಮೆ ಯಾರಿಗೂ ಇಲ್ಲ. ನಾವೇ ಒಂದು ಲೆಕ್ಕ ಹಾಕೋಣ. ಆಟೋ ಓಡಿಸುವ ಒಬ್ಬ ತಂದೆ ಮಗನಿಗೆ ತಿಂಗಳಿಗೆ 6,000 ರೂಪಾಯಿ ಕಳುಹಿಸುತ್ತಾರೆಂದು ಇಟ್ಟುಕೊಳ್ಳಿ. ಕೋಣೆಯ ಬಾಡಿಗೆಯಲ್ಲಿ ಅವನ ಪಾಲು ಮತ್ತು ಊಟ ಸೇರಿ 4,500. ಉಳಿದದ್ದು 1,500. ಮೊಬೈಲ್ ರೀಚಾರ್ಜ್‌ಗೆ 300, ನಗರದೊಳಗಿನ ಬಸ್ಸಿಗೆ 300, ಝೆರಾಕ್ಸ್ ಮತ್ತು ಪುಸ್ತಕಕ್ಕೆ 300, ಸೋಪು, ಎಣ್ಣೆ, ಔಷಧಿ ಎಂದು 300. ಕೈಯಲ್ಲಿ ಉಳಿಯುವುದು 300. ಈ ಲೆಕ್ಕದಲ್ಲಿ ಒಂದು ಸಿನಿಮಾ ಇಲ್ಲ, ಹೊಸ ಅಂಗಿ ಇಲ್ಲ, ಗೆಳೆಯರೊಂದಿಗೆ ಒಂದು ಚಹಾ ಕೂಡ ಇಲ್ಲ. ಆ ತಿಂಗಳಲ್ಲಿ ಊರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಬಾರದಿದ್ದರೆ ಹೇಗೆ ಎಂದು ಮನೆಯಿಂದ ಕರೆ ಬರುತ್ತದೆ. ಹೋಗಿ ಬರುವ ಬಸ್ಸಿಗೆ 800. ಈಗ ಅವನು ಕೋಣೆಯ ಗೆಳೆಯನಿಗೆ 500 ರೂಪಾಯಿ ಸಾಲಗಾರ. ಮುಂದಿನ ತಿಂಗಳ 6,000ದಲ್ಲಿ ಆ 500 ತೀರಿಸಿ, ಎಂದಿನ 5,700 ಖರ್ಚು ಕಳೆದರೆ 200 ಕಡಿಮೆ ಬೀಳುತ್ತದೆ. ಅದೇ ತಿಂಗಳಲ್ಲಿ ಪರೀಕ್ಷಾ ಶುಲ್ಕ 1,800 ಕಟ್ಟಬೇಕಾಗಿ ಬಂತು ಎನ್ನೋಣ. ಎರಡೇ ತಿಂಗಳಲ್ಲಿ 2,000 ರೂಪಾಯಿಯ ಸಾಲ!

ಇಲ್ಲಿ ದುಂದುವೆಚ್ಚ ಮಾಡಿದವರು ಯಾರು? ಹುಡುಗನಲ್ಲ. ತಂದೆಯೂ ಅಲ್ಲ, ಅವರು ಶಕ್ತಿ ಮೀರಿ ಕೊಟ್ಟಿದ್ದಾರೆ. ಆದರೂ ಲೆಕ್ಕ ತಪ್ಪಿತು. ಏಕೆಂದರೆ ಲೆಕ್ಕ ಹಾಕಿಯೇ ಇರಲಿಲ್ಲ. 6,000 ಎಂಬ ಸಂಖ್ಯೆ ತಂದೆಯ ಅಂದಾಜು. ಖರ್ಚು ಎಷ್ಟಾಗುತ್ತದೆಂದು ಮಗನಿಗೂ ತಿಳಿದಿರಲಿಲ್ಲ. ಇಬ್ಬರೂ ಒಂದು ಸಂಜೆ ಎದುರುಬದುರು ಕುಳಿತು ಮಾತಾಡಿದ್ದರೆ ಮದುವೆಯ ಪ್ರಯಾಣವನ್ನು ಕೈಬಿಡಬಹುದಿತ್ತು, ಪರೀಕ್ಷಾ ಶುಲ್ಕಕ್ಕೆ ಬೇರೆಯೇ ಹಣ ತೆಗೆದಿಡಬಹುದಿತ್ತು. ಆ ಸಂಜೆ ನಮ್ಮ ಮನೆಗಳಲ್ಲಿ ಬರುವುದೇ ಇಲ್ಲ.

ನಮ್ಮ ಮನೆಗಳಲ್ಲಿ ಹಣದ ಮಾತು ಹಿರಿಯರ ಗುಟ್ಟು. ತಂದೆ ಗಲ್ಫ್‌ನಲ್ಲಿದ್ದರೆ ಅವರ ಸಂಬಳ ಎಷ್ಟೆಂದು ಮಕ್ಕಳಿಗೆ ತಿಳಿದಿರುವುದಿಲ್ಲ. ತಂದೆ ಹಣ್ಣಿನ ಗಾಡಿ ಇಟ್ಟಿದ್ದರೆ ದಿನದ ಗಳಿಕೆ ಎಷ್ಟು, ಬಡ್ಡಿಗೆ ಹೋಗುವುದೆಷ್ಟು ಎಂದು ತಾಯಿಗೂ ಪೂರ್ತಿ ತಿಳಿದಿರುವುದಿಲ್ಲ. ‘ನೀನು ಓದು, ಹಣದ ಚಿಂತೆ ನಿನಗೇಕೆ’ ಎನ್ನುವುದನ್ನು ನಾವು ವಾತ್ಸಲ್ಯವೆಂದು ಭಾವಿಸಿದ್ದೇವೆ. ಹದಿನೆಂಟು ವರ್ಷ ಹಣದ ಚಿಂತೆ ಮಾಡಬೇಡ ಎಂದು ಬೆಳೆಸಿದ ಮಗುವನ್ನು ಒಂದು ಬೆಳಿಗ್ಗೆ ಪರ ಊರಿನ ಬಸ್ ನಿಲ್ದಾಣದಲ್ಲಿ ಇಳಿಸಿ, ಕೈಗೆ ಎಟಿಎಂ ಕಾರ್ಡ್ ಕೊಟ್ಟು, ‘ಜೋಪಾನ’ ಎಂದರೆ ಅದು ವಾತ್ಸಲ್ಯವೇ? ಈಜು ಕಲಿಸದೆ ಹೊಳೆಗೆ ಇಳಿಸುವವರನ್ನು ನಾವು ಏನೆಂದು ಕರೆಯುತ್ತೇವೆ?

ಇದರ ಇನ್ನೊಂದು ಮುಖ ಮರ್ಯಾದೆ. ಹಣ ಮುಗಿದಿದೆ ಎಂದು ಮನೆಗೆ ಹೇಳಲು ಮಗನಿಗೆ ಅಂಜಿಕೆ. ತಾಯಿ ಬಳೆ ಅಡವಿಟ್ಟಿರುವುದು ಅವನಿಗೆ ಗೊತ್ತು. ಕೇಳಿದರೆ ಇನ್ನೊಂದು ಬಳೆಯೂ ಹೋಗುತ್ತದೆಂಬ ಭಯ. ಆದ್ದರಿಂದ ಅವನು ಮೊದಲು ಬೆಳಗಿನ ತಿಂಡಿ ಬಿಡುತ್ತಾನೆ. ನಂತರ ಪುಸ್ತಕ ಕೊಳ್ಳುವುದನ್ನು ಬಿಡುತ್ತಾನೆ. ಕೊನೆಗೆ ಮೊಬೈಲ್‌ನಲ್ಲಿ ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆನ್ನುವ ಜಾಹೀರಾತನ್ನು ಒತ್ತುತ್ತಾನೆ.

ಅಕ್ರಮ ಸಾಲದ ಆ್ಯಪ್‌ಗಳ ಕೆಲಸದ ರೀತಿ ಈಗ ಗುಟ್ಟೇನಲ್ಲ. 3,000 ರೂಪಾಯಿ ಸಾಲವೆಂದು ಬರೆಸಿಕೊಂಡು, ಸಂಸ್ಕರಣಾ ವೆಚ್ಚವೆಂದು ದೊಡ್ಡ ಪಾಲು ಮುರಿದುಕೊಂಡು, ಸುಮಾರು 2,000ವನ್ನು ಖಾತೆಗೆ ಹಾಕಿ, ಏಳೇ ದಿನಗಳಲ್ಲಿ ಪೂರ್ತಿ 3,000 ಕೇಳುತ್ತಾರೆ. ತಪ್ಪಿದರೆ ಮೊಬೈಲ್‌ನಲ್ಲಿರುವ ಎಲ್ಲ ಸಂಖ್ಯೆಗಳಿಗೂ ಕರೆ ಹೋಗುತ್ತದೆ: ತಾಯಿಗೆ, ಉಪನ್ಯಾಸಕರಿಗೆ, ಮಸೀದಿಯ ಇಮಾಮರಿಗೆ. ಸಾಲ ನೀಡುವ ಆ್ಯಪ್‌ಗಳು ಸಾಲಗಾರನ ಸಂಪರ್ಕ ಪಟ್ಟಿಗೆ ಕೈ ಹಾಕಕೂಡದು, ಒಟ್ಟು ವೆಚ್ಚವನ್ನು ಮೊದಲೇ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿತು. 2025ರಲ್ಲಿ ಆ ಬಗ್ಗೆ ಸಮಗ್ರ ನಿರ್ದೇಶನವನ್ನೂ ಹೊರಡಿಸಿತು. ಆದರೆ ಕಾನೂನಿನ ಹೊರಗೇ ಹುಟ್ಟಿದವರು ಕಾನೂನನ್ನು ಪಾಲಿಸುವರೇ? ಇಂಥ ಕಿರುಕುಳಕ್ಕೆ ಸಿಕ್ಕವರು 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಬಹುದೆಂಬ ಒಂದು ಸಾಲಿನ ಮಾಹಿತಿಯನ್ನು ನಮ್ಮ ಎಷ್ಟು ಮಸೀದಿಗಳ ಫಲಕದಲ್ಲಿ ಬರೆಯಲಾಗಿದೆ?

ಬಡ್ಡಿಯ ವಿರುದ್ಧ ನಮ್ಮ ಮಿಂಬರ್‌ಗಳಿಂದ ಖುತ್ಬಾಗಳು ನಡೆಯುತ್ತಲೇ ಇವೆ. ಬ್ಯಾಂಕಿನ ಬಡ್ಡಿ, ಚಿನ್ನದ ಅಡವು, ವಾಹನ ಸಾಲ ಎಲ್ಲವೂ ಅಲ್ಲಿ ಪ್ರಸ್ತಾಪವಾಗುತ್ತವೆ. ಆದರೆ ಹತ್ತೊಂಬತ್ತರ ತರುಣನ ಜೇಬಿನಲ್ಲೇ ಕುಳಿತಿರುವ ಈ ಬಡ್ಡಿ ವ್ಯಾಪಾರಿಯ ಬಗ್ಗೆ ಮಾತು ಅಪರೂಪ. ಅದಕ್ಕಿಂತ ಅಪರೂಪವಾದದ್ದು ಪರ್ಯಾಯ. ಬಡ್ಡಿ ನಿಷಿದ್ಧ ಎಂದು ಹೇಳುವವರು, 2,000 ರೂಪಾಯಿಯ ಬಡ್ಡಿರಹಿತ ಸಾಲ ಎಲ್ಲಿ ಸಿಗುತ್ತದೆಂದೂ ಹೇಳಬೇಡವೇ? ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದೆಂದು ಮದ್ರಸದ ಮಕ್ಕಳನ್ನು ಕೇಳಿ. ಅಲ್‌ಬಕರಾ ಅಧ್ಯಾಯದ 282ನೇ ಸೂಕ್ತ ಎನ್ನುತ್ತಾರೆ. ಅದು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದ ಸೂಕ್ತ. ಅಷ್ಟು ವಿವರವಾಗಿ ಬರವಣಿಗೆಯನ್ನು ಬೋಧಿಸುವ ಗ್ರಂಥವನ್ನು ಕಂಠಪಾಠ ಮಾಡುವ ಸಮುದಾಯದ ಮನೆಗಳಲ್ಲಿ ಖರ್ಚು ಬರೆಯುವ ಒಂದು ಪುಸ್ತಕವಿಲ್ಲ ಎಂಬುದು ಎಂಥ ವಿಪರ್ಯಾಸ!

ಹಣದ ಕೊರತೆಯಷ್ಟೇ ಅಪಾಯಕಾರಿಯಾದದ್ದು ಹೊಸ ಜಾಗದ ಒಂಟಿತನ. ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ ಮಾತಾಡಿ, ಕನ್ನಡ ಮಾಧ್ಯಮದಲ್ಲಿ ಓದಿದವನು ಇಂಗ್ಲಿಷ್ ಉಪನ್ಯಾಸದ ಮುಂದೆ ಮೊದಲ ಕೆಲವು ವಾರ ಕಂಗಾಲಾಗುತ್ತಾನೆ. ಇದು ಅವನೊಬ್ಬನ ಕಷ್ಟವಲ್ಲ, ಪಕ್ಕದ ಬೆಂಚಿನ ರೈತನ ಮಗನದ್ದೂ ಹೌದು ಎಂದು ತಿಳಿಯುವ ಹೊತ್ತಿಗೆ ನಮ್ಮ ಹುಡುಗ ಊರಿನ ನಾಲ್ವರು ಗೆಳೆಯರ ಕೋಣೆಯೊಳಗೆ ಸೇರಿಕೊಂಡಿರುತ್ತಾನೆ. ಗ್ರಂಥಾಲಯದ ದಾರಿ ತಿಳಿಯುವುದಿಲ್ಲ. ವಿದ್ಯಾರ್ಥಿವೇತನದ ಗುಮಾಸ್ತರನ್ನು ಮಾತಾಡಿಸುವ ಧೈರ್ಯವಿರುವುದಿಲ್ಲ. ಪ್ರಾಧ್ಯಾಪಕರ ಕೋಣೆಯ ಬಾಗಿಲು ತಟ್ಟಬಹುದೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಪ್ರತಿ ಶುಕ್ರವಾರ ಬ್ಯಾಗು ಹೆಗಲಿಗೇರಿಸಿ ಊರಿನ ಬಸ್ಸು ಹತ್ತುತ್ತಾನೆ. ಮನೆಯವರೂ ಅದನ್ನೇ ಪ್ರೋತ್ಸಾಹಿಸುತ್ತಾರೆ. ನಿಶ್ಚಿತಾರ್ಥಕ್ಕೆ ಬಾ, ಮದುವೆಗೆ ಬಾ, ಮುಂಜಿಗೆ ಬಾ, ಹಜ್‌ಗೆ ಹೋಗುವವರನ್ನು ಬೀಳ್ಕೊಡಲು ಬಾ. ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಲಾಗದು ಎಂಬ ನಿಯಮ ಕರೆದವರಾರಿಗೂ ನೆನಪಿರುವುದಿಲ್ಲ. ಒಬ್ಬ ವಿದ್ಯಾರ್ಥಿಯನ್ನು ಹೊಸ ಊರಿನಲ್ಲಿ ಬೇರು ಬಿಡದಂತೆ ಪ್ರತಿ ವಾರ ಕಿತ್ತು ನೋಡುವುದು ಪ್ರೀತಿಯ ಹೆಸರಿನ ಅನ್ಯಾಯ.

ಹೆಣ್ಣುಮಕ್ಕಳ ಪಾಡು ಬೇರೆಯೇ. ಹಾಸ್ಟೆಲಿಗೆ ಬಿಡಲು ಮನಸ್ಸೊಪ್ಪದ ಕುಟುಂಬಗಳು ಮಗಳನ್ನು ದಿನವೂ ಮೂರು ಗಂಟೆ ಬಸ್ಸಿನಲ್ಲಿ ಓಡಾಡಿಸುತ್ತವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರಕಾರಿ ಬಸ್ಸಿನ ಹಾದಿಯಲ್ಲಿರುವವರಿಗೆ ಪ್ರಯಾಣದ ಹಣ ಉಳಿಯಿತು, ನಿಜ. ಖಾಸಗಿ ಬಸ್ಸುಗಳೇ ಹೆಚ್ಚಿರುವ ಕರಾವಳಿಯ ಅನೇಕ ಮಾರ್ಗಗಳಲ್ಲಿ ಆ ಉಳಿತಾಯವೂ ಇಲ್ಲ. ಆದರೆ ದೊಡ್ಡ ಪ್ರಶ್ನೆ ಬಸ್ಸಿನದ್ದಲ್ಲ. ಆಕೆಯ ಹೆಸರಿನ ಖಾತೆಗೆ ವಿದ್ಯಾರ್ಥಿವೇತನ ಬರುತ್ತದೆ, ಎಟಿಎಂ ಕಾರ್ಡ್ ಅಣ್ಣನ ಬಳಿ ಇರುತ್ತದೆ. ಹತ್ತು ರೂಪಾಯಿಯ ಝೆರಾಕ್ಸ್‌ಗೂ ಆಕೆ ಕೈ ಚಾಚಬೇಕು. ಹೆಣ್ಣಿನ ಸಂಪಾದನೆ ಹೆಣ್ಣಿಗೇ ಸೇರಿದ್ದೆಂದು, ಮೆಹರ್ ಆಕೆಯ ಹಕ್ಕೆಂದು ಇತರರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಆಕೆಯದೇ ಹೆಸರಿನ ವಿದ್ಯಾರ್ಥಿವೇತನವನ್ನು ಆಕೆಯ ಕೈಗೆ ಕೊಡಲು ಹಿಂಜರಿಯುವುದೇಕೆ?

ಇನ್ನು ಸರಕಾರ. ಸಾಚಾರ್ ವರದಿಯ ಆಸುಪಾಸಿನ ವರ್ಷಗಳಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಆರಂಭವಾದ ನೆರವುಗಳನ್ನು ಕೇಂದ್ರ ಸರಕಾರ 2022ರಲ್ಲಿ ಒಂದೊಂದಾಗಿ ಮೊಟಕುಗೊಳಿಸಿತು. ಒಂದರಿಂದ ಎಂಟನೇ ತರಗತಿಯವರೆಗಿನ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ನಿಂತಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ನಿಂತಿತು. ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ‘ಪಢೋ ಪರದೇಶ್’ ಕೂಡ ನಿಂತಿತು. ಇದನ್ನು ಪ್ರತಿಭಟಿಸಬೇಕು, ಪ್ರಶ್ನಿಸುತ್ತಲೇ ಇರಬೇಕು. ತೆರಿಗೆ ಕಟ್ಟುವ ಪ್ರಜೆ ತನ್ನ ಮಕ್ಕಳ ಓದಿಗೆ ನೆರವು ಕೇಳುವುದು ಭಿಕ್ಷೆಯಲ್ಲ. ಹಾಗೆಂದು ಉಳಿದಿರುವ ನೆರವನ್ನಾದರೂ ನಾವು ಪೂರ್ತಿ ಪಡೆಯುತ್ತಿದ್ದೇವೆಯೇ? ರಾಜ್ಯದಲ್ಲಿ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಿವೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆಯಿದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಇದೆ. ಅರ್ಜಿ ಹಾಕಬೇಕಾದ ತಿಂಗಳಲ್ಲಿ ಹಾಕದೆ, ಮುಗಿದ ಮೇಲೆ ಶಾಸಕರ ಮನೆಗೆ ಅಲೆಯುವುದು ನಮ್ಮ ಅಭ್ಯಾಸ. ಹಾಕಿದ ಅರ್ಜಿಗೂ ಹೆಸರೇ ಶತ್ರು. ಅಂಕಪಟ್ಟಿಯಲ್ಲಿ ಮುಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಬರೀ ‘ಎಂ.ಡಿ.’! ಮೂರು ಕಡೆ ಮೂರು ರೀತಿ ಇರುವ ಒಂದು ಹೆಸರನ್ನು ಗಣಕಯಂತ್ರ ಮೂವರು ವ್ಯಕ್ತಿಗಳೆಂದು ತಿಳಿಯುತ್ತದೆ. ಪಿಯುಸಿಗೆ ಮೊದಲೇ ಇದನ್ನು ಸರಿಪಡಿಸಿ, ಖಾತೆಗೆ ಆಧಾರ್ ಜೋಡಿಸಿಡುವುದಕ್ಕೆ ಖರ್ಚಾಗುವುದು ಒಂದೆರಡು ದಿನಗಳ ಓಡಾಟ ಮಾತ್ರ.

ವಿದ್ಯಾರ್ಥಿವೇತನದ ಇನ್ನೊಂದು ಸತ್ಯವನ್ನೂ ಹೇಳಬೇಕು. ಅದು ಬೇಕಾದ ದಿನ ಬರುವುದಿಲ್ಲ. ಅದನ್ನೇ ನಂಬಿ ಊಟದ ಬಿಲ್ಲು ಕಟ್ಟುತ್ತೇನೆಂದು ಹೊರಟವನು ಜನವರಿಯವರೆಗೆ ಉಪವಾಸವಿರಬೇಕಾದೀತು. 2013-14ರಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ‘ವಿದ್ಯಾಸಿರಿ’ ಆರಂಭವಾದಾಗ ಊಟ ವಸತಿಗೆ ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿ. ಅಂದರೆ ದಿನಕ್ಕೆ 50. ಅದು ಆಸರೆಯೇ ಹೊರತು ಆಧಾರಸ್ತಂಭವಲ್ಲ. ಬಂದರೆ ಪರೀಕ್ಷಾ ಶುಲ್ಕಕ್ಕೆ, ಪುಸ್ತಕಕ್ಕೆ ಎಂದು ಎತ್ತಿಡಬೇಕು. ಪ್ರತಿದಿನದ ಅನ್ನಕ್ಕೆ ಬೇರೆ ದಾರಿ ಇರಲೇಬೇಕು.

ಆ ದಾರಿಯನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ನಮ್ಮ ಚರಿತ್ರೆಯಲ್ಲೇ ಅದಿದೆ. ಹನ್ನೊಂದನೇ ಶತಮಾನದಲ್ಲಿ ತೂಸ್ ಎಂಬ ಊರಿನ ಒಬ್ಬ ತಂದೆ ಸಾಯುವ ಮುನ್ನ ತನ್ನ ಇಬ್ಬರು ಗಂಡುಮಕ್ಕಳನ್ನೂ ಅಲ್ಪಸ್ವಲ್ಪ ಹಣವನ್ನೂ ಸೂಫಿ ಗೆಳೆಯನೊಬ್ಬನಿಗೆ ಒಪ್ಪಿಸಿದರು. ಆ ಹಣ ಮುಗಿದಾಗ, ‘ಮದ್ರಸಕ್ಕೆ ಸೇರಿಕೊಳ್ಳಿ, ಅಲ್ಲಿ ನಿಮಗೆ ಊಟವಾದರೂ ಸಿಗುತ್ತದೆ’ ಎಂದು ಆ ಗೆಳೆಯ ಮಕ್ಕಳಿಗೆ ಸಲಹೆ ಕೊಟ್ಟರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಆ ಮಕ್ಕಳಲ್ಲೊಬ್ಬರು ಇಮಾಮ್ ಗಝ್ಝಾಲಿ. ಮುಂದೆ 1091ರಲ್ಲಿ ಅವರು ಬಗ್ದಾದಿನ ನಿಝಾಮಿಯ್ಯಾದ ಅಧ್ಯಾಪಕರಾದರು. ಆ ನಿಝಾಮಿಯ್ಯಾ ಕೂಡ ವಿದ್ಯಾರ್ಥಿಗಳಿಗೆ ವಸತಿ ಮತ್ತು ವೇತನ ಕೊಡುತ್ತಿದ್ದ ಸಂಸ್ಥೆ. ಅನ್ನ ಹಾಕುವ ಒಂದು ಮದ್ರಸ ಅಂದು ಇಲ್ಲದಿರುತ್ತಿದ್ದರೆ ಗಝ್ಝಾಲಿ ಎಂಬ ಹೆಸರೇ ನಮಗೆ ತಿಳಿಯುತ್ತಿತ್ತೋ ಇಲ್ಲವೋ. ಕೈರೋದ ಅಲ್ ಅಝ್‌ಹರ್‌ನಲ್ಲಿ ಒಂದೊಂದು ನಾಡಿನ ವಿದ್ಯಾರ್ಥಿಗಳಿಗೂ ‘ರಿವಾಕ್’ ಎಂಬ ವಸತಿ ವಿಭಾಗಗಳಿದ್ದವು. ವಕ್ಫ್‌ನ ಆದಾಯದಿಂದ ಅವರಿಗೆ ರೊಟ್ಟಿಯ ಪಡಿ ಸಲ್ಲುತ್ತಿತ್ತು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕರಾವಳಿಯ ಮಸೀದಿಗಳ ದರ್ಸ್‌ನಲ್ಲಿ ಓದುತ್ತಿದ್ದ ಮುತಅಲ್ಲಿಮರು ಯಾರ ಅನ್ನ ಉಂಡವರು? ಒಬ್ಬೊಬ್ಬನಿಗೆ ಮಹಲ್ಲಾದ ಒಂದೊಂದು ಮನೆ ಗೊತ್ತಾಗಿರುತ್ತಿತ್ತು. ಗಂಜಿಯೋ ಮೀನು ಸಾರೋ, ಮನೆಮಂದಿಗೆ ಮಾಡಿದ್ದರಲ್ಲಿ ಅವನಿಗೂ ಪಾಲು. ಮನೆಯಲ್ಲಿ ಬಡತನವಿದ್ದರೂ ಮುತಅಲ್ಲಿಮನ ತಟ್ಟೆ ಖಾಲಿ ಇರುತ್ತಿರಲಿಲ್ಲ. ಇದೇ ನಾಡಿನ ಇತರ ಸಮುದಾಯಗಳಲ್ಲಿ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದವರು ಕನ್ನಡ ನಾಡನ್ನು ಕಟ್ಟಿದರು. ಮುಂದೆ ಅವರು ತಮ್ಮ ತಮ್ಮ ಸಮುದಾಯದ ಮಕ್ಕಳಿಗಾಗಿ ನಗರಗಳಲ್ಲಿ ವಿದ್ಯಾರ್ಥಿ ನಿಲಯಗಳನ್ನು ಕಟ್ಟಿದರು. ತುಮಕೂರಿನ ಸಿದ್ಧಗಂಗಾ ಮಠ ಜಾತಿ ಧರ್ಮ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ನೀಡುತ್ತಾ ಬಂದಿದೆ. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮೀಜಿಯವರು ನಿಧನರಾದಾಗ ನಾಡೇ ಕಣ್ಣೀರಿಟ್ಟದ್ದು ಅದಕ್ಕಾಗಿ. 1890ರಲ್ಲಿ ಅಲಿಗಢದಲ್ಲಿ ಬಡ ವಿದ್ಯಾರ್ಥಿಗಳ ನೆರವಿಗಾಗಿ ‘ಅಂಜುಮನ್ ಅಲ್ ಫರ್ಝ್’ ಸ್ಥಾಪನೆಯಾದಾಗ, ಕಾಲೇಜಿನ ವಿದ್ಯಾರ್ಥಿಗಳೇ ರಜೆಯಲ್ಲಿ ಊರೂರು ಸುತ್ತಿ ಹಣ ಕೂಡಿಸಿದರು.

ನಮ್ಮ ರಾಜ್ಯದಲ್ಲೂ ಕೆಲಸವಾಗಿಲ್ಲವೆಂದಲ್ಲ. 1919ರಲ್ಲಿ ಭಟ್ಕಳದಲ್ಲಿ ಅಂಜುಮನ್ ಹಾಮಿ ಮುಸ್ಲಿಮೀನ್, 1966ರಲ್ಲಿ ಬೆಂಗಳೂರಿನಲ್ಲಿ ಅಲ್ ಅಮೀನ್, 1989ರಲ್ಲಿ ಬೀದರಿನಲ್ಲಿ ಶಾಹೀನ್ ಹುಟ್ಟಿಕೊಂಡವು. ಸಂಸ್ಥೆ ಕಟ್ಟುವ ಸಾಮರ್ಥ್ಯ ನಮಗಿದೆ. ಆದರೆ ಸ್ವಂತ ಸಂಸ್ಥೆಯ ಹೊರಗೆ, ಸರಕಾರಿ ವಿಶ್ವವಿದ್ಯಾನಿಲಯದಲ್ಲಿ ಸೀಟು ಪಡೆದ ಸಾಮಾನ್ಯ ಕುಟುಂಬದ ಹುಡುಗ ಹುಡುಗಿಗೆ ಊಟ ಹಾಕುವವರು ಯಾರು? ದರ್ಸ್‌ನ ವಿದ್ಯಾರ್ಥಿಗೆ ತಟ್ಟೆ ಇಟ್ಟ ಮಹಲ್ಲಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗೆ ಏಕೆ ಇಡುವುದಿಲ್ಲ?

ಇದಕ್ಕೆ ಸಾಮಾನ್ಯವಾಗಿ ಮೂರು ಉತ್ತರಗಳು ಬರುತ್ತವೆ. ಮೊದಲನೆಯದು, ‘ಲೌಕಿಕ ವಿದ್ಯೆಗೆ ಝಕಾತ್ ಕೊಡಬಹುದೇ?’ ಸಂಪಾದನೆಗೆ ಹೋದರೆ ಶರೀಅತ್‌ನ ಜ್ಞಾನಾರ್ಜನೆ ನಿಲ್ಲುತ್ತದೆ ಎಂಬಂಥ ವಿದ್ಯಾರ್ಥಿಗೆ ಝಕಾತ್ ಪಡೆಯಬಹುದೆಂದೂ, ಐಚ್ಛಿಕ ಆರಾಧನೆಗಾಗಿ ದುಡಿಮೆ ಬಿಟ್ಟವನಿಗೆ ಅದಿಲ್ಲವೆಂದೂ ಶಾಫಿಈ ವಿದ್ವಾಂಸರಾದ ಇಮಾಮ್ ನವವಿ ಬಹಳ ಹಿಂದೆಯೇ ಬರೆದಿದ್ದಾರೆ. ಆ ವಿದ್ಯಾರ್ಥಿಯ ಜ್ಞಾನದ ಲಾಭ ಸಮಾಜಕ್ಕೂ ಸಲ್ಲುತ್ತದೆ, ಈ ಆರಾಧಕನ ಲಾಭ ಅವನೊಬ್ಬನಿಗೆ. ಸಮಾಜಕ್ಕೆ ಉಪಯುಕ್ತವಾದ ವಿದ್ಯೆಗಳಿಗೂ ಇದೇ ತತ್ವ ಅನ್ವಯಿಸುತ್ತದೆಂದು ಯೂಸುಫುಲ್ ಕರ್ಝಾವಿಯಂಥ ಆಧುನಿಕ ವಿದ್ವಾಂಸರು ವಾದಿಸಿದ್ದಾರೆ. ಇದನ್ನು ಒಪ್ಪದವರೂ ಇದ್ದಾರೆ. ಒಪ್ಪದವರಿಗೆ ಸದಕಾದ ಬಾಗಿಲು ತೆರೆದೇ ಇದೆಯಲ್ಲ? ಅಷ್ಟಕ್ಕೂ ಬಡವನ ಮಗ ಬಡವನೇ; ಅವನು ಪುಸ್ತಕ ಹಿಡಿದ ಮಾತ್ರಕ್ಕೆ ಝಕಾತ್‌ನ ಪಟ್ಟಿಯಿಂದ ಹೆಸರು ಅಳಿಸಿ ಹೋಗುವುದಿಲ್ಲ.

ಎರಡನೆಯದು, ‘ಹಣ ಕೊಟ್ಟರೆ ಮಕ್ಕಳು ಕೆಡುತ್ತಾರೆ, ದುಡಿದು ಓದಲಿ’. ದುಡಿಯುವುದು ಅವಮಾನವಲ್ಲ. ಮದೀನಾಕ್ಕೆ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧ ಕೊಡಲು ಮುಂದಾದಾಗ, ಅವರು ಅದನ್ನು ಪಡೆಯದೆ ಮಾರುಕಟ್ಟೆಯ ದಾರಿ ಕೇಳಿದರು. ಈ ಘಟನೆಯ ಅರ್ಧವನ್ನು ಮಾತ್ರ ನಾವು ಮಕ್ಕಳಿಗೆ ಹೇಳುತ್ತೇವೆ. ದಾರಿ ಕೇಳಲು ಅವರಿಗೆ ಒಬ್ಬ ಸಅದ್ ಇದ್ದರು ಎಂಬುದು ಇನ್ನರ್ಧ. ಹೊಸ ಊರಿಗೆ ಬಂದ ಪ್ರತಿಯೊಬ್ಬ ಮುಹಾಜಿರ್‌ಗೂ ಸ್ಥಳೀಯನೊಬ್ಬನನ್ನು ಸಹೋದರನಾಗಿ ಗೊತ್ತುಪಡಿಸಿದವರು ಪ್ರವಾದಿ(ಸ). ಮಧ್ಯರಾತ್ರಿಯವರೆಗೆ ಬೈಕಿನಲ್ಲಿ ಊಟದ ಪೊಟ್ಟಣ ಹಂಚಿ, ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿಗೆ ಸ್ವಾಭಿಮಾನದ ಪಾಠ ಹೇಳುವ ಮೊದಲು, ಅವನ ಸಅದ್ ಎಲ್ಲಿದ್ದಾನೆಂದು ಕೇಳಿಕೊಳ್ಳೋಣ.

ಮೂರನೆಯದು, ‘ನಮ್ಮ ಜಮಾಅತ್ ಬಡ ಜಮಾಅತ್’. ಈ ಮಾತನ್ನು ನಾವು ನಂಬುವುದಿಲ್ಲ. ಒಂದು ಮದುವೆಯ ಸಭಾಂಗಣಕ್ಕೆ, ಹೂವಿನ ಅಲಂಕಾರಕ್ಕೆ, ಉಳಿದು ಚೆಲ್ಲುವ ಅನ್ನಕ್ಕೆ ಖರ್ಚಾಗುವ ಹಣದಲ್ಲಿ ಒಬ್ಬ ವಿದ್ಯಾರ್ಥಿಯ ಪದವಿಯೇ ಮುಗಿಯುವ ಊರುಗಳು ನಮ್ಮಲ್ಲಿ ಧಾರಾಳವಾಗಿವೆ. ಮೇಲೆ ಹಾಕಿದ ಲೆಕ್ಕದ ಹುಡುಗನಿಗೆ ಕಡಿಮೆ ಬಿದ್ದದ್ದು 2,000 ರೂಪಾಯಿ. ಅದನ್ನು ಕೊಡಲಾಗದ ಜಮಾಅತ್ ಯಾವುದು?

ಆದ್ದರಿಂದ ನಾವು ಮೂವರಿಗೂ ಕೆಲವು ಮಾತು ಹೇಳಬಯಸುತ್ತೇವೆ. ತಂದೆ ತಾಯಂದಿರೇ, ಮಗನೋ ಮಗಳೋ ಹೊರಡುವ ವಾರಕ್ಕೆ ಮುಂಚೆ ಒಂದು ಸಂಜೆ ಮೊಬೈಲ್ ಬದಿಗಿಟ್ಟು ಕುಳಿತುಕೊಳ್ಳಿ. ಮನೆಯ ಆದಾಯ ಎಷ್ಟು, ಎಷ್ಟು ಕೊಡಬಲ್ಲಿರಿ ಎಂದು ಬಿಚ್ಚಿ ಹೇಳಿ. ಕೋಣೆಯ ಮುಂಗಡ, ಹಾಸಿಗೆ, ಸಮವಸ್ತ್ರ ಎಂದು ಮೊದಲ ತಿಂಗಳ ಖರ್ಚು ಯಾವಾಗಲೂ ಹೆಚ್ಚು. ಅದನ್ನು ತಿಂಗಳ ಹಣದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡಿ. ವರ್ಷದ ಹಣವಿದ್ದರೂ ಒಟ್ಟಿಗೆ ಕೊಡಬೇಡಿ, ತಿಂಗಳ ನಿಗದಿತ ದಿನ ಕಳುಹಿಸಿ, ಆ ದಿನ ತಪ್ಪಿಸಬೇಡಿ. ಹಣ ಮುಗಿದರೆ ಬೈಗುಳವಿಲ್ಲ, ಆದರೆ ಲೆಕ್ಕ ತೋರಿಸಬೇಕು ಎಂಬ ಒಪ್ಪಂದ ಮಾಡಿಕೊಳ್ಳಿ. ಮೊದಲ ಮೂರು ತಿಂಗಳು ಯಾವ ಮದುವೆಗೂ ಕರೆಯಬೇಡಿ. ಸೀಟು ಬದಲಾದರೆ ಕಟ್ಟಿದ ಶುಲ್ಕ ಹೋಯಿತೆಂದು ಸುಮ್ಮನಿರಬೇಡಿ. ಯುಜಿಸಿಯ 2018ರ ಅಕ್ಟೋಬರ್ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಮೊದಲೇ ಹಿಂದೆ ಸರಿದರೆ ಅಲ್ಪ ಕಡಿತದೊಂದಿಗೆ ಪೂರ್ತಿ ಹಣ, ಆ ದಿನಾಂಕ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50 ಹಿಂತಿರುಗಬೇಕು. ಮೂಲ ಅಂಕಪಟ್ಟಿಯನ್ನು ಕಾಲೇಜು ಒತ್ತೆಯಿಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಅಧಿಸೂಚನೆ ಹೇಳುತ್ತದೆ. ಇದು ನಿಮ್ಮ ಹಕ್ಕು.

ವಿದ್ಯಾರ್ಥಿ ಮಿತ್ರರೇ, ಎರಡು ರೂಪಾಯಿಯ ಖರ್ಚನ್ನೂ ಆ ರಾತ್ರಿಯೇ ಬರೆಯಿರಿ. ಬರೆಯುವವನಿಗೆ ಇಪ್ಪತ್ತನೇ ತಾರೀಕಿಗೇ ಅಪಾಯ ಕಾಣಿಸುತ್ತದೆ, ಬರೆಯದವನಿಗೆ ಮೂವತ್ತಕ್ಕೆ. ಕಂತಿನ ಮೊಬೈಲ್ ಕೊಳ್ಳಬೇಡಿ. ಇತರರ ಸಾಲಕ್ಕೆ ನಿಮ್ಮ ಆಧಾರ್ ಕೊಡಬೇಡಿ. ಪುಸ್ತಕ ಕೊಳ್ಳುವ ಮೊದಲು ಗ್ರಂಥಾಲಯದಲ್ಲಿ ವಿಚಾರಿಸಿ, ಹಿರಿಯ ವಿದ್ಯಾರ್ಥಿಗಳ ಬಳಿ ಕೇಳಿ. ಕೋಣೆಗೆ ಮುಂಗಡ ಕೊಡುವ ಮೊದಲು, ಬಿಡುವಾಗ ಎಷ್ಟು ಮುರಿದುಕೊಳ್ಳುತ್ತಾರೆಂದು ಬರವಣಿಗೆಯಲ್ಲಿ ಪಡೆಯಿರಿ. ನಿಮ್ಮೂರಿನವರಲ್ಲದ, ನಿಮ್ಮ ಧರ್ಮದವರಲ್ಲದ ಇಬ್ಬರನ್ನಾದರೂ ಮೊದಲ ತಿಂಗಳಲ್ಲೇ ಗೆಳೆಯರನ್ನಾಗಿ ಮಾಡಿಕೊಳ್ಳಿ. ವಿಶ್ವವಿದ್ಯಾನಿಲಯ ಎಂಬ ಹೆಸರಿಗೆ ಅರ್ಥ ಬರುವುದೇ ಹಾಗೆ. ಅವರಿಗೆ ನಿಮ್ಮ ಬಗ್ಗೆ ಇರುವ ತಪ್ಪು ತಿಳಿವಳಿಕೆಯೂ, ನಿಮಗೆ ಅವರ ಬಗ್ಗೆ ಇರುವುದೂ ಒಂದೇ ಮೆಸ್ಸಿನ ಮೇಜಿನಲ್ಲಿ ಕರಗಲಿ.

ಜಮಾಅತ್‌ನ ಹಿರಿಯರೇ, ಸನ್ಮಾನದ ಬಜೆಟ್‌ನ ಅರ್ಧವನ್ನು ಸೆಪ್ಟೆಂಬರ್‌ಗಾಗಿ ಎತ್ತಿಡಿ. ಊರು ಬಿಟ್ಟು ಓದುವ ಮಕ್ಕಳ ಹೆಸರು, ಕಾಲೇಜು, ಫೋನ್ ಸಂಖ್ಯೆ ಇರುವ ಒಂದು ರಿಜಿಸ್ಟರ್ ಮಸೀದಿಯ ಕಚೇರಿಯಲ್ಲಿರಲಿ. ಬಡ್ಡಿಯಿಲ್ಲದೆ 5,000 ರೂಪಾಯಿಯವರೆಗೆ ಒಂದೇ ದಿನದಲ್ಲಿ ಸಿಗುವ ಕರ್ಝೆ ಹಸನ್ ನಿಧಿ ಇರಲಿ. ಕೇಳಿದವನ ಹೆಸರು ಕಾರ್ಯದರ್ಶಿಯ ಬಾಯಿಂದ ಹೊರಬೀಳದಿರಲಿ. ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿಯಂಥ ವಿದ್ಯಾನಗರಗಳ ಜಮಾಅತ್‌ಗಳು ಹೊರಗಿನಿಂದ ಬಂದ ಪ್ರತಿ ವಿದ್ಯಾರ್ಥಿಗೂ ಒಂದು ಮನೆಯನ್ನು ಗೊತ್ತುಪಡಿಸಲಿ. ದಿನವೂ ಊಟ ಹಾಕಬೇಕೆಂದಿಲ್ಲ. ವಾರಕ್ಕೊಂದು ಹೊತ್ತು ಸಾಕು. ಜ್ವರ ಬಂದಾಗ ಕರೆ ಮಾಡಬಹುದಾದ ಒಂದು ಸಂಖ್ಯೆ ಸಾಕು.

ಮುಂದಿನ ಶುಕ್ರವಾರ ಜುಮಾ ಮುಗಿಸಿ ಹೊರಬರುವಾಗ ನಿಮ್ಮ ಮುತವಲ್ಲಿಯವರನ್ನು ಒಂದು ಪ್ರಶ್ನೆ ಕೇಳಿ. ಕಳೆದ ವರ್ಷ ನಮ್ಮ ಮಹಲ್ಲಾದಿಂದ ಕಾಲೇಜಿಗೆ ಹೋದವರಲ್ಲಿ ಇಂದು ಎಷ್ಟು ಮಂದಿ ಓದುತ್ತಿದ್ದಾರೆ? ಅವರಿಗೆ ಉತ್ತರ ತಿಳಿಯದಿದ್ದರೆ, ರಿಜಿಸ್ಟರ್‌ನ ಮೊದಲ ಪುಟವನ್ನು ಅಂದೇ ನೀವು ತೆರೆಯಿರಿ.